ಬಿಳಿ ಐದರ ಮನೆ

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಒಂದೇ ಹೆದ್ದಾರಿಯ ಮೇಲಿವೆ. ತುದಿಯಿಂದ ತುದಿಗೆ 60 ಕಿಲೋಮೀಟರಿನ ಆಚೀಚೆ. ಆದರೂ ಒಂದು ಪೇಟೆಯಲ್ಲಿ ಸಿಗುವ ಸಾಮಾನು ಇನ್ನೊಂದರಲ್ಲಿ ಸಿಗಕೂಡದು ಎಂದು ಹಿಂದಿನವರು ಯಾರೋ ಕೂತು ಕರಾರು ಬರೆದಿಟ್ಟಿರಬೇಕು. ಅತ್ತರು, ವಾಚು, ಪರದೇಶದ ಬಿಸ್ಕೀಟು, ಟೇಪ್ ರೆಕಾರ್ಡರು ಬೇಕಾದರೆ ಭಟ್ಕಳವೇ ಆಗಬೇಕು. ಅಲ್ಲಿಯ ಮನೆಗಳ ಒಂದು ಬಾಗಿಲು ದುಬೈ ಕಡೆಗೇ ತೆರೆದುಕೊಂಡಿರುತ್ತದೆ. ಚಾಲಿ ಅಡಿಕೆ ಮಾರುವುದಕ್ಕೆ, ಬೇಸಗೆಯಲ್ಲಿ ಹೆದ್ದಾರಿಯ ಬದಿಗೆ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ತರುವುದಕ್ಕೆ ಕುಮಟೆ. ಹೊನ್ನಾವರವೆಂದರೆ ಇವೆರಡರ ನಡುವೆ ಶರಾವತಿಯ ದಂಡೆಗೆ ಕೂತು, ಎರಡೂ ದಿಕ್ಕಿಗೆ ಬಸ್ಸು ಕಳಿಸುತ್ತ, ತಾನು ಮಾತ್ರ ಯಾವ ಗಡಿಬಿಡಿಯನ್ನೂ ಹಚ್ಚಿಕೊಳ್ಳದ ಊರು. ಮನೆಯಲ್ಲೇ ಹಾಡು ಮುದ್ರಿಸುವ ಕಂಪ್ಯೂಟರು ಹೂಡುತ್ತೇನೆಂದು ಹೊರಟವನಿಗೆ ಈ ಮೂರೂ ಪೇಟೆಗಳ ಋಣ ಹತ್ತುತ್ತದೆ.

ಹೂಡುವ ಆಲೋಚನೆ ನನ್ನದಲ್ಲ, ಅಕ್ಕನ ಮಗನದು. 2020ರಲ್ಲಿ ಬೆಂಗಳೂರಿನ ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಅಂದಾಗ ಅವನು ಅಜ್ಜನಮನೆಗೆ ಬಂದ. ನಮ್ಮ ಮನೆ ಹೊನ್ನಾವರ ದಾಟಿ ಕುಮಟೆಯ ಕಡೆಗೆ, ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು, ಮೇಲೊಂದು ಮೆತ್ತು. ಅವನು ಮೆತ್ತಿನ ಮೇಲೆ ಮೇಜು ಹಾಕಿಕೊಂಡು ಅಮೆರಿಕದವರ ಜೊತೆ ಮಾತಾಡುತ್ತಿದ್ದರೆ ಕೆಳಗೆ ಜಗುಲಿಯಲ್ಲಿ ರವಿವಾರ ರಾತ್ರಿ ನಮ್ಮ ತಾಳಮದ್ದಳೆ, ವೇಷವಿಲ್ಲದೆ ಕೂತಲ್ಲೇ ಮಾಡುವ ಯಕ್ಷಗಾನ. ಊರಿನ ಹವ್ಯಾಸಿ ಭಾಗವತರು, ಮದ್ದಳೆಗೆ ಪಕ್ಕದ ಕೇರಿಯ ನಾಯ್ಕರು, ಚಂಡೆಗೆ ಒಬ್ಬ ಬಸ್ ಕಂಡಕ್ಟರು: ವಾರವಿಡೀ ಶಿಳ್ಳೆ, ರವಿವಾರ ಚಂಡೆ. ಶ್ರುತಿಗೆ ಹಾರ್ಮೋನಿಯಂ ಒತ್ತುವುದು ನನ್ನ ಪಾಲಿಗೆ ಬಂದ ಸೇವೆ. ಅಳಿಯ ಕೆಲವು ವಾರ ಸುಮ್ಮನೆ ಕೇಳಿದ. ಆಮೇಲೆ, "ಮಾವ, ಇದನ್ನ ಮೊಬೈಲಲ್ಲಿ ಹಿಡಿದ್ರೆ ಡಬ್ಬಿ ಬಡಿದ ಹಾಂಗೆ ಕೇಳ್ತು. ಸರೀ ಮಾಡ್ವ," ಅಂದ. ಬೆಂಗಳೂರಿನಲ್ಲಿ ಕಲಿತು ಬಂದವರು 'ಸರೀ ಮಾಡ್ವ' ಎಂದರೆ ಹಣ ಖರ್ಚಾಗುತ್ತದೆ ಎಂದೇ ಲೆಕ್ಕ.

ಅವನ ಕಂಪನಿಯ ಲ್ಯಾಪ್‌ಟಾಪಿಗೆ ಹೊರಗಿನ ಸಾಫ್ಟ್‌ವೇರ್ ಹಾಕುವಂತಿಲ್ಲ. ಹೊಸದಕ್ಕೆ ನನ್ನ ಪಿಂಚಣಿ ಒಪ್ಪುವುದಿಲ್ಲ. ಭಟ್ಕಳದಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರಿದ್ದಾರೆ, ನವಾಯತರು, ದುಬೈಯಲ್ಲಿ ದುಡಿದು ಬಂದು ಈಗ ಮೊಮ್ಮಕ್ಕಳ ಸ್ಕೂಟರ್ ಒರೆಸುತ್ತ ಸುಖವಾಗಿರುವವರು. ಅವರ ಮೂಲಕ ಅಲ್ಲಿಯ ಒಂದು ಸಣ್ಣ ಅಂಗಡಿಯಲ್ಲಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು ಸಿಕ್ಕಿತು. ಗಲ್ಫಿನ ಮಾಲು. ಕೀಲಿಮಣೆಯ ಪ್ರತಿ ಗುಂಡಿಯ ಮೇಲೂ ಇಂಗ್ಲಿಷ್ ಅಕ್ಷರದ ಪಕ್ಕ ಅರಬ್ಬಿ ಅಕ್ಷರ. ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ 'ಆರ್' ಒತ್ತಿದರೆ ಮುದ್ರಣ ಶುರುವಾಗುತ್ತದೆ. ಆ 'ಆರ್' ಗುಂಡಿಯ ಮೇಲೆ ತಲೆಗೆ ಎರಡು ಚುಕ್ಕೆ ಹೊತ್ತ ಒಂದು ಅಕ್ಷರವಿದೆ. ಅದು 'ಖಾಫ್' ಎಂದು ಸ್ನೇಹಿತರು ಹೇಳಿಕೊಟ್ಟರು. ನಮ್ಮ ಭಾಗವತರಿಗೆ ಇಂಗ್ಲಿಷಿನ ಮೇಲೆ ಅಷ್ಟು ವಿಶ್ವಾಸವಿಲ್ಲ. ಅವರು ಇವತ್ತಿಗೂ "ಭಟ್ರೆ, ಎರಡು ಚುಕ್ಕೆ ಒತ್ತಿ" ಅನ್ನುತ್ತಾರೆ. ಕೃಷ್ಣಾರ್ಜುನರ ಕಾಳಗವೂ ನಮ್ಮಲ್ಲಿ ಖಾಫ್‌ನಿಂದಲೇ ಆರಂಭ.

ಆ ಯಂತ್ರದ ಜೊತೆ ಬಂದ ಇನ್ನೊಂದು ವಿಶೇಷ ಅದರ ಪ್ಲಗ್ಗು. ಗಲ್ಫಿನಲ್ಲಿ ಇಂಗ್ಲೆಂಡಿನ ಪದ್ಧತಿಯ ಚೌಕ ಕಾಲಿನ ಪ್ಲಗ್ಗು, ನಮ್ಮ ಗೋಡೆಗಳಲ್ಲಿ ದುಂಡು ತೂತು. ನಡುವೆ ಒಂದು ಪರಿವರ್ತಕ ಬೇಕು. ಪೇಟೆಯಲ್ಲಿ ಸಿಗುವ ಅಗ್ಗದ ಪರಿವರ್ತಕಕ್ಕೆ ಎರಡೇ ಕಾಲು, ಅರ್ತಿಂಗಿನ ಮೂರನೆಯ ಕಾಲಿಲ್ಲ. ಹಾಡು ಕೇಳುವುದಕ್ಕೆ, ಫೋಟೋ ನೋಡುವುದಕ್ಕೆ ಅದರಿಂದ ಬಾಧಕವಿಲ್ಲ. ಮೈಕು ಹಚ್ಚಿ, ಹೆಡ್‌ಫೋನು ಕಿವಿಗೆ ಹಾಕಿ, ಧ್ವನಿ ಏರಿಸಿದಾಗ ಮಾತ್ರ ಒಳಗಿನಿಂದ ಯಾರೋ ಗುಂಯ್ ಎಂದು ಶ್ರುತಿ ಹಿಡಿದದ್ದು ಕೇಳತೊಡಗಿತು. ಅದು ಕರೆಂಟಿನ ದನಿ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ನೆಲಕ್ಕಿಳಿಯುವ ದಾರಿ ಸಿಗದಾಗ ಆ ತೂಗಾಟ ಮೈಕಿನ ತಂತಿಗೆ ಬಂದು ಸೇರಿಕೊಳ್ಳುತ್ತದೆ.

ಹಾರ್ಮೋನಿಯಂ ಒತ್ತಿ ಒತ್ತಿ ಕಿವಿ ಕೆಟ್ಟವನಿಗೆ ಅದು ಯಾವ ಮನೆ ಎಂದು ನೋಡದೆ ಇರಲಾಗುವುದಿಲ್ಲ. ನೋಡಿದೆ. ಬಿಳಿ ಐದು, ಅಂದರೆ ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆ. ನಾವು ಒತ್ತುವ ಬಿಳಿ ಐದಲ್ಲ, ಅದರಿಂದ ಮೂರು ಸ್ಥಾಯಿ ಕೆಳಗಿನದು. ಪಾಶ್ಚಾತ್ಯರ ಲೆಕ್ಕದಲ್ಲಿ ಆ ಸ್ವರಕ್ಕೆ ಸೆಕೆಂಡಿಗೆ 49 ಕಂಪನ, ಕರೆಂಟಿಗೆ 50. ಅಂದರೆ ಪೂರಾ ಐದೂ ಅಲ್ಲ, ಕಪ್ಪು ನಾಲ್ಕರ ಕಡೆಗೆ ಮೂರರಲ್ಲಿ ಒಂದು ಪಾಲು ವಾಲಿಕೊಂಡ ಐದು. ಹೊನ್ನಾವರದಿಂದ ದಿಲ್ಲಿಯವರೆಗೆ ಎಲ್ಲಾ ಫ್ರಿಜ್ಜು, ಎಲ್ಲಾ ಟ್ರಾನ್ಸ್‌ಫಾರ್ಮರು ಈ ಒಂದೇ ಶ್ರುತಿಯ ಬಳಗಕ್ಕೆ ಸೇರಿ ಹಗಲೂ ರಾತ್ರಿ ಗುನುಗುತ್ತಿವೆಯಲ್ಲ, ಮದ್ದಳೆಯವರು ಯಾರೂ ಇದಕ್ಕೆ ಕೂರಿಸಿಕೊಂಡು ಬಾರಿಸಲಿಲ್ಲವಲ್ಲ ಎಂದು ನನಗೆ ಬಹಳ ಹೊತ್ತು ಅನ್ನಿಸುತ್ತಿತ್ತು. ಅಳಿಯ ಅಷ್ಟರೊಳಗೆ ವೈರಿಂಗ್ ಮಾಡುವವನಿಗೆ ಫೋನ್ ಹಚ್ಚಿದ್ದ.

ವೈರಿಂಗಿನವನು ಬಂದು ನೋಡಿ, ನಿಮ್ಮ ಮನೆಗೆ ಅರ್ತಿಂಗೇ ಇಲ್ಲ, ಇದ್ದದ್ದು ಅಜ್ಜನ ಕಾಲಕ್ಕೇ ತುಕ್ಕು ಹಿಡಿದು ಹೋಗಿದೆ ಅಂದ. ತೆಂಗಿನ ಮರದ ಬುಡದಲ್ಲಿ ಹೊಂಡ ತೋಡಿ, ಇದ್ದಿಲು, ಉಪ್ಪು ತುಂಬಿ, ಕಬ್ಬಿಣದ ಪೈಪು ನೆಟ್ಟ. ನಮ್ಮ ಚಿರೆಕಲ್ಲಿನ ನೆಲ ಒಣಗಿದರೆ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ಆದ್ದರಿಂದ ಬೇಸಗೆಯಲ್ಲಿ ಆಗಾಗ ಆ ಪೈಪಿಗೆ ನೀರು ಹೊಯ್ಯಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ನಾನು ಕೊಡಪಾನ ಹಿಡಿದು ಪೈಪಿಗೆ ನೀರು ಹೊಯ್ಯುವುದನ್ನು ಆಯಿ, ಅಂದರೆ ನನ್ನ ಅಮ್ಮ, ಜಗುಲಿಯಿಂದ ನೋಡಿದಳು. ಪಕ್ಕದ ತೆಂಗಿನ ಮರವೂ ಬಾಯಾರಿ ನಿಂತಿತ್ತು.

"ಕಬ್ಬಿಣಕ್ಕೆ ನೀರು ಹಾಕಿರೆ ಎಂತ ಚಿಗುರ್ತೋ, ತಮಾ?"

"ಸಂಗೀತ, ಆಯಿ."

"ಹಾಂಗಾರೆ ಸಮಾ ಹೊಯ್ಯಿ. ಭಾಗವತ್ರಿಗೂ ಒಂದು ಚೊಂಬು ಹೊಯ್ಯಿ."

ಪೈಪು ನೆಟ್ಟು, ಮೂರು ಕಾಲಿನ ಸರಿಯಾದ ಪ್ಲಗ್ಗು ತಂದು ಹಾಕಿದ ಮೇಲೆ ಮನೆಯ ಬಿಳಿ ಐದು ನಿಂತಿತು. ನಿಂತ ಮೇಲೆ ಮಿಕ್ಕ ಸದ್ದುಗಳೆಲ್ಲ ಎದ್ದು ಕೂತವು, ಅದು ಆಮೇಲಿನ ಮಾತು.

ಸಾಫ್ಟ್‌ವೇರಿನ ವಿಷಯ. ಕುಮಟೆಯ ಪೇಟೆಯಲ್ಲಿ ಒಬ್ಬ ಹುಡುಗ, ಯಾವುದು ಬೇಕು ಹೇಳಿ, ಲಕ್ಷ ರೂಪಾಯಿದೂ ಹಾಕಿಕೊಡ್ತೆ ಅಂದ. ಚಾ ಖರ್ಚಿನಷ್ಟು ಕೊಟ್ಟರೆ ಸಾಕು. ಹೀಗೆ ಕದ್ದ ಸಾಫ್ಟ್‌ವೇರಿಗೆ ಕಳ್ಳ ಕೀಲಿಕೈ ಮಾಡಿಕೊಡುವ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ. ಅದನ್ನು ತೆರೆದ ಕೂಡಲೇ ವಿಡಿಯೋ ಗೇಮಿನ ಹಾಡೊಂದು ಗಟ್ಟಿಯಾಗಿ ಶುರುವಾಗುತ್ತದೆ. ಬೀಗ ಒಡೆದವರು ತಮ್ಮ ಮೇಳದ ಹೆಸರು ಸಾರುವ ಕ್ರಮ ಅದು. ಕಳ್ಳನೇ ತಮಟೆ ಬಡಿದುಕೊಂಡು ಬರುವ ಇಂಥ ಕಸುಬು ಬೇರೆ ಇರಲಾರದು. ಹಾಡು ಚೆನ್ನಾಗಿಯೇ ಇತ್ತು. ಆದರೆ ಅದರ ಜೊತೆ ಏನೇನು ಒಳಬರುತ್ತದೋ ಎಂದು ಅಳಿಯ ಒಪ್ಪಲಿಲ್ಲ.

ಧರ್ಮಕ್ಕೆ ಸಿಗುವ ಆಡಾಸಿಟಿಯನ್ನೇ ಮೊದಲು ಹಾಕಿದ್ದು. 1999ರಲ್ಲಿ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಎಂಬ ವಿದ್ಯಾರ್ಥಿ, ರೋಜರ್ ಡ್ಯಾನೆನ್‌ಬರ್ಗ್ ಎಂಬ ಮೇಷ್ಟರು ಸೇರಿ ಕಟ್ಟತೊಡಗಿದ್ದು, ಮರುವರ್ಷ ಲೋಕಕ್ಕೆಲ್ಲ ಬಿಟ್ಟದ್ದು. ಆಮೇಲೆ ಅಳಿಯನ ಹಟಕ್ಕೆ ರೀಪರ್ ಕೂಡ ಬಂತು. ಅದನ್ನು ಬರೆದವನು ಜಸ್ಟಿನ್ ಫ್ರಾಂಕೆಲ್. 1997ರಲ್ಲಿ ವಿನ್ಯಾಂಪ್ ಮಾಡಿದವನೂ ಅವನೇ. ಸೈಬರ್ ಕೆಫೆಯ ಕಾಲದಲ್ಲಿ ನಮ್ಮ ಹುಡುಗರು ಭಾಗವತ ಕಾಳಿಂಗ ನಾವಡರ ಪದ್ಯಗಳನ್ನು ಕೇಳುತ್ತಿದ್ದದ್ದು ಆ ವಿನ್ಯಾಂಪಿನಲ್ಲೇ. ರೀಪರಿನ ವ್ಯಾಪಾರ ನನಗೆ ಬಹಳ ಹಿಡಿಸಿತು. 60 ದಿನ ಪುಕ್ಕಟೆ. ಆಮೇಲೆ 60 ಡಾಲರ್ ಕೊಡಬೇಕು. ಕೊಡದಿದ್ದರೆ ಬಾಗಿಲು ಹಾಕುವುದಿಲ್ಲ, ತೆರೆದಾಗೆಲ್ಲ 'ಇನ್ನೂ ಕೊಟ್ಟಿಲ್ಲವಲ್ಲ' ಎಂದು ಮೆಲ್ಲಗೆ ಹೇಳಿ ಕೆಲವು ಸೆಕೆಂಡು ಕಾಯಿಸುತ್ತದೆ. ನಮ್ಮೂರಿನ ಸೊಸೈಟಿಯಲ್ಲೂ ಸಾಲ ವಸೂಲಿಗೆ ಇಷ್ಟು ಮರ್ಯಾದೆ ಇಲ್ಲ. ನಾಚಿಕೆಯಾಗಿ ಕೊಟ್ಟೆವು.

ರೀಪರ್ ತೆರೆದರೆ ಅದು ಏನನ್ನೂ ಕೇಳದೆ ನಾಲ್ಕು-ನಾಲ್ಕರ ತಾಳ, ನಿಮಿಷಕ್ಕೆ 120 ಪೆಟ್ಟು ಎಂದು ತಾನೇ ನಿಶ್ಚಯಿಸಿ ಕೂತಿರುತ್ತದೆ. ಪರದೆಯ ತುಂಬ ಸಮನಾದ ಗೆರೆಗಳು. ನಮ್ಮದು ತ್ರಿವುಡೆಗೆ ಏಳು ಅಕ್ಷರ, ಝಂಪೆಗೆ ಹತ್ತು, ಅಷ್ಟಕ್ಕೆ ಹದಿನಾಲ್ಕು. ಎಣಿಕೆಯನ್ನು ಬದಲಾಯಿಸಬಹುದು, ಅದಕ್ಕೆ ಯಂತ್ರದ ತಕರಾರಿಲ್ಲ. ಕಾಲವನ್ನು ಎಲ್ಲಿ ಹಿಡಿಯುವುದು? ಸಾವಧಾನವಾಗಿ ಎತ್ತುಗಡೆಯಾದ ಪದ್ಯ ಮುಗಿಯುವಷ್ಟರಲ್ಲಿ ಭಾಗವತರು ಅರ್ಧಕ್ಕರ್ಧ ಏರಿಸಿರುತ್ತಾರೆ. ಎಲ್ಲಿ ಏರಿಸಿದರು ಎಂದು ಅವರನ್ನೇ ಕೇಳಿದರೆ, "ಎಲ್ಲಿ ಏರಿತ್ತೋ ಅಲ್ಲಿ," ಅನ್ನುತ್ತಾರೆ. ಅದು ಉಡಾಫೆಯಲ್ಲ. ಮದ್ದಳೆಯವರ ಕೈ ಬಿಸಿಯಾದದ್ದು, ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಅರ್ಥಧಾರಿ ಕೂತಲ್ಲೇ ಮುಂದಕ್ಕೆ ಬಾಗಿದ್ದು, ಕೇಳುವವರು ಎಲೆಯಡಿಕೆ ಮಡಿಸುವುದನ್ನು ನಿಲ್ಲಿಸಿದ್ದು ಎಲ್ಲ ಆ ಕಾಲದಲ್ಲಿ ಸೇರಿರುತ್ತದೆ.

ಇನ್ನು ಮೈಕು. ಕಂಡೆನ್ಸರ್ ಮೈಕಿನ ಒಳಗೆ ಚಿನ್ನದ ಲೇಪ ಹಚ್ಚಿದ ಒಂದು ಪೊರೆ ಇರುತ್ತದೆ, ನಮ್ಮ ತಲೆಕೂದಲಿನ ದಪ್ಪದಲ್ಲಿ ಹತ್ತನೆಯ ಒಂದು ಪಾಲು. ಅದು ಕೆಲಸ ಮಾಡಲು 48 ವೋಲ್ಟು ಬೇಕು. ಅದನ್ನು ಒದಗಿಸುವ ಕೆಂಪು ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಎಂದು ಹೆಸರು, ಪೇಟೆಯಲ್ಲಿ ಸೌಂಡ್ ಕಾರ್ಡ್ ಅಂದರೆ ಕೊಡುತ್ತಾರೆ. ಈ ಪೊರೆಗೆ ಥಂಡಿ ಆಗಿಬರುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪು ತಾನಾಗಿ ನೀರಾಗುವಾಗ ಮೈಕಿನ ಗತಿ ಏನು? ಜೂನ್ ಕೊನೆಗೆ ಅದು ಚಟಪಟ ಎನ್ನತೊಡಗಿತು. ನಾಯ್ಕರ ಮದ್ದಳೆಗೂ ಅದೇ ಕಾಯಿಲೆ: ಮುಚ್ಚಿಗೆ ಥಂಡಿ ಹಿಡಿದು ಶ್ರುತಿ ಇಳಿಯುತ್ತದೆ, ಬೆಂಕಿಯ ಬುಡಕ್ಕೆ ಹಿಡಿದು ಕಾಯಿಸಿಕೊಳ್ಳುತ್ತಾರೆ. ಮೈಕನ್ನು ಬೆಂಕಿಗೆ ಹಿಡಿಯುವಂತಿಲ್ಲ. ಆಯಿ ಅದನ್ನು ಬಟ್ಟೆಯಲ್ಲಿ ಸುತ್ತಿ ಕುಚ್ಚಲಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟಳು. ಅಕ್ಕಿ ಪಸೆ ಎಳೆದುಕೊಂಡಿತು, ಮೈಕು ಬದುಕಿತು. ಅಂದಿನಿಂದ ತಾಳಮದ್ದಳೆಯ ರಾತ್ರಿ ನಮ್ಮ ಮನೆಯಲ್ಲಿ ಮೊದಲು ಅಕ್ಕಿ ಅಳೆದು ಆಮೇಲೆ ಮೈಕು ಅಗೆಯುವ ಪದ್ಧತಿ.

ಕೋಣೆಯ ಸದ್ದಿಗೆ ಬರುತ್ತೇನೆ. ಹೊಸ ಆರ್‌ಸಿಸಿ ಮನೆಗಳಲ್ಲಿ ಕೈ ತಟ್ಟಿದರೆ ನಾಲ್ಕು ಗೋಡೆಯೂ ಚಪ್ಪಾಳೆ ತಟ್ಟುತ್ತವೆ. ಗಾರೆ ಮಾಡದ ಚಿರೆಕಲ್ಲಿನ ಗೋಡೆಗೆ ಮೈತುಂಬ ತೂತು. ದನಿ ಅದರೊಳಗೆ ಹೊಕ್ಕು ಒಂದಿಷ್ಟು ಅಲ್ಲೇ ಉಳಿಯುತ್ತದೆ. ಮುದ್ರಣಕ್ಕೆ ಆರಿಸಿಕೊಂಡ ಮೆತ್ತಿನ ಒಂದು ಮೂಲೆಗೆ ಅಡಿಕೆ ಚೀಲ, ಇನ್ನೊಂದಕ್ಕೆ ಹತ್ತಿಯ ಹಳೆ ಹಾಸಿಗೆ. ಬೆಂಗಳೂರಿನ ಸ್ಟುಡಿಯೋದವರು ಸಾವಿರಾರು ರೂಪಾಯಿಯ ಫೋಮ್ ಅಂಟಿಸಿ ಸಾಧಿಸುವುದನ್ನು ನಮ್ಮ ಅಡಿಕೆಯ ದರ ಬಿದ್ದ ವರ್ಷ ಪುಕ್ಕಟೆಯಾಗಿ ಸಾಧಿಸಿತು. ದರ ಏರಿ ಚೀಲಗಳೆಲ್ಲ ಕುಮಟೆಯ ಮಂಡಿಗೆ ಹೋದ ವಾರದ ಮುದ್ರಣದಲ್ಲಿ ಮಾತ್ರ ಭಾಗವತರು ಬಾವಿಯೊಳಗಿಂದ ಹಾಡಿದಂತಿದೆ.

ಗೋಡೆ ಒಳಗಿನದನ್ನು ನೋಡಿಕೊಂಡಿತು, ಹೊರಗಿನದನ್ನು ತಡೆಯುವುದು ಹೆಂಚಿನ ಮಾಡಿಗೆ ಆಗುವ ಕೆಲಸವಲ್ಲ. 1998ರಿಂದ ಕೊಂಕಣ ರೈಲು ಗದ್ದೆಯ ಆಚೆ ಓಡುತ್ತಿದೆ. 2022ರಲ್ಲಿ ಇಡೀ ದಾರಿಗೆ ವಿದ್ಯುತ್ತು ಬಂದ ಮೇಲೆ ಡೀಸೆಲ್ ಇಂಜಿನಿನ ಗುಡುಗು ಕಡಿಮೆಯಾಯಿತು, ಹಾರನ್ನು ಇದೆ. ಶರಾವತಿಯ ಮೇಲಿನ ಎರಡು ಕಿಲೋಮೀಟರಿನ ಸೇತುವೆ ದಾಟುವ ಸದ್ದು, ಗಾಳಿ ತೆಂಕಣದ್ದಾದರೆ ಇಲ್ಲಿವರೆಗೆ ಬಂದು ಬಾಗಿಲು ತಟ್ಟುತ್ತದೆ. ಬೆಳಿಗ್ಗೆ ಬಾಂಗಡೆ ಮಾರುವವನ ಸ್ಕೂಟರು. ನಮ್ಮ ಮನೆಯಲ್ಲಿ ಮೀನು ತಿನ್ನದಿದ್ದರೂ ಅವನು ನಮ್ಮ ಗೇಟಿನ ಎದುರಿಗೇ ಹಾರನ್ನು ಹೊಡೆಯುವುದು. ರಾತ್ರಿ ಕಪ್ಪೆ, ಜೀರುಂಡೆ. ಮಳೆಯಂತೂ ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಮೇಲೆ, ಅದರಲ್ಲೂ ಬಚ್ಚಲಿನ ತಗಡಿನ ಮೇಲೆ ಬೀಳುವ ಪಾಲು ಪ್ರತ್ಯೇಕ.

ಆಡಾಸಿಟಿಯಲ್ಲಿ ಸದ್ದು ಅಳಿಸುವ ಒಂದು ಉಪಾಯವಿದೆ. ಯಾರೂ ಹಾಡದ, ಮಾತಾಡದ ಕೆಲವು ಸೆಕೆಂಡುಗಳ ತುಣುಕನ್ನು ಮೊದಲು ಅದಕ್ಕೆ ಕೊಡಬೇಕು. 'ನಿಮ್ಮ ಮನೆಯ ನಿಶ್ಶಬ್ದ ಹೀಗಿರುತ್ತದೋ?' ಎಂದು ಅದು ನೆನಪಿಟ್ಟುಕೊಂಡು, ಹಾಡಿನೊಳಗಿಂದ ಅಷ್ಟನ್ನು ಕಳೆಯುತ್ತದೆ. ಕಳೆಯುವುದಕ್ಕೆ ನಿಶ್ಶಬ್ದ ಬೇಕಲ್ಲ! ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು. ಕಂಡಕ್ಟರು ಶಿಳ್ಳೆ ಊದದೆ ಅಷ್ಟು ಹೊತ್ತು ಕೂತದ್ದೇ ಒಂದು ಪ್ರದರ್ಶನ. ಆಗ ಬಾಗಿಲು ಕಿರುಗುಟ್ಟಿತು.

"ಆಸ್ರಿಗೆ ಎಂತ ಬೇಕೋ? ಮಜ್ಜಿಗೆ ಅಡ್ಡಿಲ್ಯ?"

ಆಯಿಯ ಈ ಪ್ರಶ್ನೆಯನ್ನು ನಮ್ಮ ಮನೆಯ ನಿಶ್ಶಬ್ದ ಎಂದೇ ಯಂತ್ರ ನೋಂದಾಯಿಸಿಕೊಂಡಿತು. ಆ ತುಣುಕನ್ನು ಹಿಡಿದು ಸದ್ದು ಅಳಿಸಿದಾಗ ಭಾಗವತರ ಪದ್ಯದಿಂದ ಮಜ್ಜಿಗೆಯ ಸ್ವರಗಳೆಲ್ಲ ಕಳಚಿಹೋಗಿ, ಅವರು ಶರಾವತಿಯ ತಳದಲ್ಲಿ ಕೂತು ಗುಳುಗುಳು ಎನ್ನುತ್ತಿರುವ ಹಾಗೆ ಕೇಳಿತು. ಜೀರುಂಡೆಯನ್ನು ತೆಗೆಯಹೋದರೂ ಇದೇ ಕಥೆ. ಸದ್ದು ಹೋಗುವಾಗ ದನಿಯ ಚರ್ಮವನ್ನೂ ಸುಲಿದುಕೊಂಡೇ ಹೋಗುತ್ತದೆ. ಕಡೆಗೆ ಆ ಗುಂಡಿಯ ತಂಟೆಗೆ ಹೋಗುವುದನ್ನೇ ಬಿಟ್ಟೆವು.

ಶ್ರುತಿ ತಿದ್ದುವ ಗುಂಡಿಯೂ ಒಂದಿದೆ. ಆಟೋಟ್ಯೂನ್ ಎಂದು ಹೆಸರು, 1997ರಲ್ಲಿ ಪೇಟೆಗೆ ಬಂದದ್ದು. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ತೈಲ ಕಂಪನಿಗಳಿಗಾಗಿ ನೆಲದೊಳಕ್ಕೆ ಸದ್ದು ಹೊಡೆದು, ಮರಳಿ ಬಂದ ಅಲೆಗಳ ಲೆಕ್ಕ ಹಾಕಿ, ಎಣ್ಣೆ ಎಲ್ಲಿದೆ ಎಂದು ಹುಡುಕುವ ಗಣಿತದಲ್ಲಿದ್ದವನು. ಅದೇ ಗಣಿತದಿಂದ ಅಪಸ್ವರ ಎಲ್ಲಿದೆ ಎಂದೂ ಹುಡುಕಬಹುದೆಂದು ಹೊಳೆಯಿತು. ಇದನ್ನು ಭಟ್ಕಳದ ಸ್ನೇಹಿತರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದು ನಕ್ಕರು: "ನಮಗೆ ಎಣ್ಣೆ ಸಿಕ್ಕಿದ ಊರಿನಿಂದ ಲ್ಯಾಪ್‌ಟಾಪ್ ಬಂತು, ನಿಮಗೆ ಎಣ್ಣೆ ಹುಡುಕುವ ಲೆಕ್ಕದಿಂದ ಶ್ರುತಿ ಬಂತು. ಎಲ್ಲಾ ಪೆಟ್ರೋಲೇ ಭಟ್ರೆ!" ಭಾಗವತರ ಆಲಾಪದ ಮೇಲೆ ಆ ಗುಂಡಿಯನ್ನು ಪ್ರಯೋಗಿಸಿ ನೋಡಿದೆವು. ಒಂದು ಸ್ವರದಿಂದ ಇನ್ನೊಂದಕ್ಕೆ ಅವರು ಜಾರಿಕೊಂಡು ಹೋಗುವಲ್ಲೆಲ್ಲ ಯಂತ್ರ ಮೆಟ್ಟಿಲು ಕಟ್ಟಿತು. ಕೇಳಿ ಭಾಗವತರು, "ಇದು ಯಾರು ಹಾಡಿದ್ದು?" ಎಂದು ಬಹಳ ಗಂಭೀರವಾಗಿ ವಿಚಾರಿಸಿದರು.

ಯಂತ್ರದ ಹನ್ನೆರಡು ಮೆಟ್ಟಿಲಿಗೂ ನನ್ನ ಹಾರ್ಮೋನಿಯಮ್ಮಿಗೂ ಮೊದಲೇ ಆಗಿಬರುತ್ತಿರಲಿಲ್ಲ. 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ ಧೈವತದ ಒಂದು ಮನೆಗೆ ಸೆಕೆಂಡಿಗೆ 440 ಕಂಪನ ಎಂದು ಗೊತ್ತುಮಾಡಿದರು, ಸಾಫ್ಟ್‌ವೇರುಗಳು ಸಾಮಾನ್ಯವಾಗಿ ಹಿಡಿಯುವುದು ಅದನ್ನೇ. ನನ್ನ ಪೆಟ್ಟಿಗೆ ಆ ಸಭೆಗೆ ಹೋದದ್ದಲ್ಲ. ಅದರ ಬಿಳಿ ನಾಲ್ಕು ಯಂತ್ರದ ಬಿಳಿ ನಾಲ್ಕಿಗಿಂತ ಮೂರು ಕಂಪನ ಮೇಲಿದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಸೆಕೆಂಡಿಗೆ ಮೂರು ಸಲ ಶ್ರುತಿ ಊಂವ್ ಊಂವ್ ಎಂದು ತೊಟ್ಟಿಲು ತೂಗುತ್ತದೆ. ರೀಡು ಕೆರೆದು ಸರಿಪಡಿಸಬಹುದಿತ್ತು. ಕಂಪ್ಯೂಟರಿನ ತಂಬೂರಿಯನ್ನೇ ಮೇಲಕ್ಕೆತ್ತಿದೆವು; ಹಿರಿಯರನ್ನು ತಿದ್ದುವುದಕ್ಕಿಂತ ಅದು ಸುಲಭ.

ಇಷ್ಟೆಲ್ಲ ಆಗಿ ನಿಜವಾದ ಕೆಲಸ ಬಂದಾಗ ಅಳಿಯ ಹೇಳಿದ: ಈಗಿನ ಪದ್ಧತಿಯಲ್ಲಿ ಎಲ್ಲರೂ ಒಟ್ಟಿಗೆ ಕೂರಬಾರದು. ಮೊದಲು ಭಾಗವತರು ಒಬ್ಬರೇ. ಅದನ್ನು ಕೇಳುತ್ತ ಮದ್ದಳೆ. ಎರಡನ್ನೂ ಕೇಳುತ್ತ ಚಂಡೆ. ಎಲ್ಲರದ್ದೂ ಬೇರೆ ಬೇರೆ ಗೆರೆಯಲ್ಲಿ. ಆಮೇಲೆ ಯಾರ ದನಿ ಎಷ್ಟು ಬೇಕೋ ಅಷ್ಟು. ಸಿನಿಮಾ ಹಾಡು ಮಾಡುವುದು ಹೀಗೆಯೇ, ಬೆಂಗಳೂರು, ಚೆನ್ನೈ ಎಲ್ಲಾ ಕಡೆ.

ಭಾಗವತರು ಒಬ್ಬರೇ ತಾಳ ಹಿಡಿದು ಹಾಡಿದರು. ಮದ್ದಳೆಯವರ ಮುಖ ನೋಡದೆ ಹಾಡಿದ ಪದ್ಯ ತಿದ್ದುಪಡಿಯಾದ ದಸ್ತಾವೇಜಿನಂತೆ ಎಲ್ಲವೂ ಸರಿಯಾಗಿದ್ದು ಏನೂ ಇಲ್ಲದ ಹಾಗಿತ್ತು. ನಾಯ್ಕರ ಕಿವಿಗೆ ಹೆಡ್‌ಫೋನು ಹಾಕಿ ಕೂರಿಸಿದೆವು. ಆಗ ಇನ್ನೊಂದು ಸಂಕಟ. ಕಂಪ್ಯೂಟರು ದನಿಯನ್ನು ಹನಿಹನಿಯಾಗಿ ಅಲ್ಲ, ಚೊಂಬಿನಲ್ಲಿ ತುಂಬಿಸಿ ತುಂಬಿಸಿ ಸಾಗಿಸುತ್ತದೆ. ಸೆಕೆಂಡಿಗೆ 44,100 ತುಣುಕು. 1024 ತುಣುಕಿನ ಚೊಂಬಾದರೆ ಒಳಗೆ ಹೋಗುವುದಕ್ಕೆ 23 ಮಿಲಿಸೆಕೆಂಡು, ಹೊರಗೆ ಬರುವುದಕ್ಕೆ ಮತ್ತೆ ಅಷ್ಟೇ. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿಗೆ 16 ಮೀಟರು ದೂರ ನಡೆದಿರುತ್ತದೆ. ಅಂದರೆ ನಾಯ್ಕರಿಗೆ ತಮ್ಮ ಕೈಯ ಪೆಟ್ಟೇ ಅಂಗಳದ ಆಚೆ ದಣಪೆಯ ಹತ್ತಿರ ಯಾರೋ ಹೊಡೆದ ಹಾಗೆ ಕೇಳುತ್ತದೆ. 128 ತುಣುಕಿಗೆ ಇಳಿಸಿದರೆ ಎಲ್ಲ ಎರಡು ಮೀಟರಿನೊಳಗೆ ಬರುತ್ತದೆ, ಆದರೆ ಭಟ್ಕಳದ ಯಂತ್ರ ಏದುಸಿರು ಬಿಟ್ಟು ಅದರ ಫ್ಯಾನು ಬುಸುಗುಡುತ್ತದೆ, ಆ ಬುಸುಗು ಮೈಕಿಗೆ ಬೀಳುತ್ತದೆ. ಸಾಲದ್ದಕ್ಕೆ ಕಾಲ ತಪ್ಪದಿರಲಿ ಎಂದು ಅಳಿಯ ಟಿಕ್ ಟಿಕ್ ಗಡಿಯಾರವನ್ನೂ ಕಿವಿಗೆ ಬಿಟ್ಟಿದ್ದ. ನಾಯ್ಕರು ಒಂದಿಷ್ಟು ಬಾರಿಸಿ ಹೆಡ್‌ಫೋನು ತೆಗೆದು ಚಾಪೆಯ ಮೇಲಿಟ್ಟರು.

"ಇವ ಯಾರು ಮಾರಾಯಾ? ನಾ ಎಂತ ಮಾಡಿದ್ರೂ ನನ್ನ ಕಡೆ ನೋಡೂದೇ ಇಲ್ಲ."

ನನಗೆ ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು. ಈ ಸಾಫ್ಟ್‌ವೇರುಗಳನ್ನು ಕಟ್ಟಿದವರು ಕೋಣೆಯೊಳಗೆ ಒಬ್ಬನೇ ಕೂತು ಎಲ್ಲಾ ವಾದ್ಯವನ್ನೂ ತಾನೇ ನುಡಿಸುವವನನ್ನು ಕಣ್ಣೆದುರಿಗೆ ಇಟ್ಟುಕೊಂಡಿದ್ದಾರೆ. ಅಂಥವನಿಗೆ ಇದು ವರವೇ. ನಮ್ಮ ಪದ್ಯ ಹುಟ್ಟುವುದು ಮೊಣಕಾಲಿಗೆ ಮೊಣಕಾಲು ತಾಗಿ ಕೂತಾಗ. ಮದ್ದಳೆಯ ಬಿಡ್ತಿಗೆ ಯಾವಾಗ ಎಂದು ಭಾಗವತರ ಹುಬ್ಬು ಹೇಳುತ್ತದೆ, ಗೆರೆ ಹೇಳುವುದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದಾಗ, ಆ ಮೇಳದಲ್ಲಿ ನೆಬ್ಬೂರು ನಾರಾಯಣ ಭಾಗವತರು ಹಾಡಿದ ಅಷ್ಟೂ ವರ್ಷ, ಹಿಮ್ಮೇಳ ಕೂತದ್ದು ಹೀಗೇ. ಅದಕ್ಕೂ ಹಿಂದೆ ನಮ್ಮ ಪಕ್ಕದ ಕರ್ಕಿಯ ಮೇಳ ಸಾಂಗ್ಲಿಯವರೆಗೆ ಹೋಗಿ ಆಡಿ, ಅದನ್ನು ಕಂಡ ಅಲ್ಲಿಯ ಸಂಸ್ಥಾನಿಕರು ತಮ್ಮ ಭಾಷೆಯಲ್ಲೂ ಇಂಥದು ಬೇಕೆಂದು ವಿಷ್ಣುದಾಸ ಭಾವೆಯವರಿಂದ 1843ರಲ್ಲಿ ಮರಾಠಿಯ ಮೊದಲ ನಾಟಕ ಆಡಿಸಿದರೆಂದು ಇತಿಹಾಸ ಬರೆದವರು ಹೇಳುತ್ತಾರೆ. ಘಟ್ಟ ಹತ್ತಿ ಹೋದ ಆ ಮದ್ದಳೆಗೆ 48 ವೋಲ್ಟಿನ ಅವಶ್ಯಕತೆ ಬಿದ್ದಿರಲಿಲ್ಲ.

ಹಾಗಾಗಿ ಒಂದೇ ಮೈಕು, ಎಲ್ಲರೂ ಒಟ್ಟಿಗೆ ಎಂದು ತೀರ್ಮಾನವಾಯಿತು. ಯಾರ ದನಿ ಎಷ್ಟು ಎಂಬುದನ್ನು ಗುಂಡಿಯಿಂದಲ್ಲ, ಚಾಪೆಯಿಂದ ಸರಿಮಾಡಿದೆವು. ದೂರ ಇಮ್ಮಡಿಯಾದರೆ ಸದ್ದು ಆರು ಡೆಸಿಬಲ್ ಇಳಿಯುತ್ತದೆ. ಭಾಗವತರು ಮೈಕಿಗೆ ಒಂದೂವರೆ ಮೊಳ. ಮದ್ದಳೆ ಅವರ ಬಲಕ್ಕೆ, ಸ್ವಲ್ಪ ಹಿಂದೆ. ಹಾರ್ಮೋನಿಯಂ ಅಡಿಕೆ ಚೀಲದ ಮಗ್ಗುಲಿಗೆ. ಚಂಡೆಯದೇ ಪೀಕಲಾಟ. ಅದು ರಾತ್ರಿ ಬಯಲಿನಲ್ಲಿ ಬಾರಿಸಿ, ಆಚೆ ಊರಿನವರಿಗೆ ಇವತ್ತು ಇಲ್ಲಿ ಆಟ ಇದೆ ಎಂದು ತಿಳಿಸುವುದಕ್ಕೆ ಹುಟ್ಟಿದ ವಾದ್ಯ. ಹಳೆಯ ಕ್ಯಾಸೆಟ್ಟಾದರೆ ಅದರ ಏಟಿಗೆ ಒಂದಿಷ್ಟು ಒರಟಾಗಿ ಸಹಿಸಿಕೊಳ್ಳುತ್ತಿತ್ತು. ಡಿಜಿಟಲ್ಲಿನಲ್ಲಿ ಮಿತಿ ದಾಟಿದ ಅಲೆಯ ತಲೆಯನ್ನೇ ಕತ್ತರಿಸಿಬಿಡುತ್ತಾರೆ, ಕರ್ ಎಂದು ಹರಿದ ಸದ್ದು. ಕಂಡಕ್ಟರನ್ನು ಒಂದೊಂದೇ ಮಾರು ಹಿಂದೆ ಸರಿಸುತ್ತ ಹೋದೆವು. ಮೆತ್ತಿನ ಬಾಗಿಲು ದಾಟಿದರು, ಏಣಿಯ ತಲೆಗೆ ಬಂದರು, ಕಡೆಗೆ ಕೆಳಗಿನ ಜಗುಲಿಯಲ್ಲಿ ಅಂಗಳಕ್ಕೆ ಮುಖ ಮಾಡಿ ಕೂತಾಗ ಪರದೆಯ ಮೇಲಿನ ಕೆಂಪು ದೀಪ ಆರಿತು. ಅವರಿಗೆ ಭಾಗವತರು ಕಾಣಬೇಕಲ್ಲ? ಏಣಿಯ ನಡುವಿನ ಮೆಟ್ಟಿಲ ಮೇಲೆ ಅಳಿಯ ನಿಂತು, ಮೇಲೆ ನೋಡಿ ಕೆಳಗೆ ಕೈ ಬೀಸುವುದೆಂದಾಯಿತು. ಮೊದಲೆರಡು ಪದ್ಯ ಅವನು ಬಸ್ಸಿಗೆ ರೈಟ್ ಕೊಟ್ಟ ಹಾಗೇ ಕೈ ಬೀಸಿದ. ಮೂರನೆಯದರಲ್ಲಿ ಅವನ ಭುಜವೇ ತಾಳಕ್ಕೆ ಹೋಗತೊಡಗಿತು.

ಫ್ಯಾನು ಹಾಕಿದರೆ ಮುದ್ರಣವಿಲ್ಲ, ತೆಗೆದರೆ ಭಾಗವತರಿಲ್ಲ. ಒಂದು ಪದ್ಯಕ್ಕೊಮ್ಮೆ ಫ್ಯಾನು ಹಾಕಿ, ಬೆವರು ಒರೆಸಿ, ಮತ್ತೆ ನಿಲ್ಲಿಸಿ, ಎರಡು ಚುಕ್ಕೆ ಒತ್ತಿದೆವು. ಅರ್ಥಧಾರಿಗಳಿಗೆ ಮಾತ್ರ ಇದೊಂದು ಸುಗ್ಗಿ. ಕ್ಯಾಸೆಟ್ಟಿನ ಕಾಲದಲ್ಲಿ 45 ನಿಮಿಷಕ್ಕೆ ಬದಿ ತೀರಿ ಟಕ್ ಎಂದಾಗ ಎಂಥ ಕರ್ಣನೂ ಬಾಯಿ ಮುಚ್ಚಬೇಕಾಗುತ್ತಿತ್ತು. ನಮ್ಮಲ್ಲಿರುವ ಹಳೆಯ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಒಳ್ಳೆಯ ಪದ್ಯಗಳ ಅರ್ಧ ಆ ಟಕ್ಕಿನಲ್ಲೇ ಹೋಗಿದೆ. ಈಗ ನಿಮಿಷಕ್ಕೆ ಹತ್ತು ಎಂಬಿ, ಬೆಳಗಿನವರೆಗಿನ ಎಂಟು ತಾಸಿಗೆ ಐದು ಜಿಬಿ. ಡಿಸ್ಕು ತುಂಬುವುದಿಲ್ಲ ಎಂದು ಒಮ್ಮೆ ಗೊತ್ತಾದ ಮೇಲೆ ನಮ್ಮ ಶಲ್ಯ ಆ ರಾತ್ರಿ ರಥದಿಂದ ಇಳಿಯಲೇ ಇಲ್ಲ.

ಒಂದು ಪದ್ಯವನ್ನು ಭಟ್ಕಳದ ಸ್ನೇಹಿತರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅವರು ಅದನ್ನು ದುಬೈಯಲ್ಲಿರುವ ಮಗನಿಗೆ ದಾಟಿಸಿದರು. ಮಗ ಕಾರಿನಲ್ಲಿ ಕೇಳಿ ಫೋನ್ ಮಾಡಿದನಂತೆ: ಚಂಡೆ ಬಹಳ ಚೆನ್ನಾಗಿ ಬಂದಿದೆ, ದೂರದಲ್ಲಿ ಆಟ ನಡೆಯುತ್ತಿದ್ದ ಹಾಗೆ ಕೇಳುತ್ತದೆ, ಎರಡನೆಯ ನಿಮಿಷದಲ್ಲಿ ಮಜ್ಜಿಗೆ ಬೇಕೋ ಎಂದು ಕೇಳಿದವರು ಯಾರು? ಭಾಗವತರಿಗೆ ಪೆನ್‌ಡ್ರೈವಿನಲ್ಲಿ ಬೇಕಂತೆ, ಕಂಡಕ್ಟರಿಗೆ ಬಸ್ಸಿನಲ್ಲಿ ಹಾಕುವುದಕ್ಕೆ ಇನ್ನೊಂದು ಪ್ರತಿ. ನಾಯ್ಕರು ಕೇಳಿ, ಎರಡನೆಯ ಪದ್ಯದಲ್ಲಿ ತಮ್ಮ ಮುಚ್ಚಿಗೆ ಒಂದು ಎಳೆ ಇಳಿದಿತ್ತು, ಅದೊಂದನ್ನು ಮತ್ತೆ ಮಾಡುವ ಅಂದರು. ಅದೊಂದನ್ನೇ ಮಾಡಲು ಬರುವುದಿಲ್ಲ, ಎಲ್ಲರೂ ಬರಬೇಕು, ಎಲ್ಲವನ್ನೂ ಮಾಡಬೇಕು ಎಂದು ತಿಳಿಸಿದಾಗ ಯಾರಿಗೂ ಬೇಸರವಾದಂತೆ ಕಾಣಲಿಲ್ಲ. ಮುಂದಿನ ಸಲ ಇಡೀ ಕರ್ಣಪರ್ವ ಎಂದು ಅಲ್ಲೇ ನಿಶ್ಚಯವಾಯಿತು.

ಆಯಿಯದು ಒಂದೇ ಷರತ್ತು. ಹಲಸಿನ ಹಪ್ಪಳದ ಕೆಲಸ ಮುಗಿಯುವ ತನಕ ಮೆತ್ತು ತನ್ನದು, ಚಾಪೆಗಳೂ ತನ್ನವು. ಹಪ್ಪಳ ಒಣಗಲು ಮಳೆಯ ಮುಂಚಿನ ಬಿಸಿಲು ಬೇಕು, ನಮಗೂ ಮಳೆಯ ಮುಂಚಿನ ಅದೇ ವಾರಗಳು ಬೇಕು. ತಾರೀಕು ಯಾವುದು ಎಂದು ಭಾಗವತರು ಫೋನ್ ಮಾಡಿದರೆ, ಮಾತಾಡದೆ ಫೋನನ್ನು ಅವಳ ಕೈಗೆ ಕೊಡುತ್ತೇನೆ.